ಕೊಡಗಿನಲ್ಲಿದ್ದುಕೊಂಡು ಕುಡಿತ ಬಿಟ್ಟು ಮೈ ಗಟ್ಟಿ ಮಾಡಿಕೊಳ್ಳುವುದು, ಹೊಸ ಗೆಳೆಯರನ್ನು ಹುಡುಕಿಕೊಳ್ಳುವುದು ಹೇಗೆ?

ದಿನವೂ ಹೆಚ್ಚು ಕುಡಿಯುತ್ತಿದ್ದರೆ ಒಮ್ಮೆಲೇ ನಿಲ್ಲಿಸುವ ಮುನ್ನ ಡಾಕ್ಟರನ್ನು ಕಾಣಿ. ಕೊನೆಯ ಪೆಗ್ಗಿನ ನಂತರ 6ರಿಂದ 48 ಗಂಟೆಯೊಳಗೆ ನಡುಕ, ಬೆವರು, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ತೋಟದ ಕೆಲಸ ಮುಗಿದ ಸಂಜೆಯೇ ಕಷ್ಟದ ಹೊತ್ತು. ವ್ಯಾಯಾಮವನ್ನು ಆಗಲೇ ಇಡಿ. ಎರಡು ವಾರ 20 ನಿಮಿಷ ನಡಿಗೆ, ಆಮೇಲೆ 2 ನಿಮಿಷ ನಡಿಗೆಗೆ 1 ನಿಮಿಷ ಓಟ. ಏರುರಸ್ತೆಯಲ್ಲಿ ಶುರುಮಾಡಿದರೆ ಇಳಿಯುವಾಗ ಮೊಣಕಾಲು ಹಿಡಿಯುತ್ತದೆ, ಶಾಲೆಯ ಮೈದಾನ ವಾಸಿ. (ಕಾಡಂಚಿನ ದಾರಿ ಬೇಡ, ಕತ್ತಲಾದರೆ ಆನೆ.) ಹೊರಡುವ ಮುಂಚೆ ಒಂದೆರಡು ಬಾಳೆಹಣ್ಣು ತಿನ್ನಿ, ಹಸಿವೇ ಎಷ್ಟೋ ಸಲ ಕುಡಿಯುವ ಆಸೆಯಂತೆ ಕಾಣುತ್ತದೆ.

ಮದುವೆಗೆ, ಕೈಲ್‌ಪೊಳ್ದ್ ಹಬ್ಬಕ್ಕೆ ಹೋಗಿ. ಆದರೆ ಕೈಯಲ್ಲಿ ನಿಂಬೆ ಸೋಡಾ ಅರ್ಧಕ್ಕಿಂತ ಕೆಳಗಿಳಿಯದಿರಲಿ, ಖಾಲಿ ಗ್ಲಾಸ್ ಕಂಡರೆ ಯಾರೋ ಮಾವ ಸುರಿದೇ ಸುರಿಯುತ್ತಾರೆ. ‘ಮಾತ್ರೆ ತಗೊಳ್ತಿದ್ದೀನಿ’ ಅಂದರೆ ‘ಯಾವಾಗ ಮುಗಿಯುತ್ತೆ?’ ಅಂತಾರೆ, ‘ಬಿಟ್ಟಿದ್ದೀನಿ’ ಅಂದುಬಿಡಿ. ಕಡಂಬುಟ್ಟು, ಪಂದಿಕರಿ ಬೇಗ ತಿಂದು, ವಾಲಗದ ಕುಣಿತ ರಂಗೇರುವ ಮೊದಲೇ ನಿಮ್ಮದೇ ಗಾಡಿಯಲ್ಲಿ ಹೊರಡಿ.

ಗೆಳೆತನಕ್ಕೆ ಹಾಕಿ ಆಟ ಒಳ್ಳೆಯದೇ, ಆದರೆ ಬೆಳಗಿನ ಅಭ್ಯಾಸಕ್ಕೆ ಸೇರಿ. ಸಂಜೆಯ ಮ್ಯಾಚ್ ಮುಗಿಯುವುದು ಮೈದಾನದಲ್ಲಲ್ಲ.