ಮಾಡಿದವರ ಹೆಸರು ಕೇಳಿ ಕೊಳ್ಳಿ

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕಿ. ಮಗ ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿದ್ದಾನೆ. ಜೂನ್ ತಿಂಗಳಲ್ಲಿ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೊರಟಿದ್ದೇವೆ. ಅಲ್ಲಿನ ಮೂಲನಿವಾಸಿಗಳು ಬರೆದ ಒಂದು ಚಿತ್ರವನ್ನು ಮನೆಗೆ ತರಬೇಕೆಂದು ಆಸೆ. ಪೇಟೆ ಅಂಗಡಿಯಲ್ಲೇ ಎಲ್ಲ ಸಿಗುತ್ತೆ ಅಂತಾನೆ ಮಗ. ಆದರೆ ಅವರ ಊರುಗಳಲ್ಲೇ ಕಲಾಕೇಂದ್ರಗಳಿವೆ ಎಂದು ಓದಿದ್ದೇನೆ. ಎಲ್ಲಿ ಕೊಂಡರೆ ಸರಿ? ಚೌಕಾಸಿ ಮಾಡಬಹುದಾ?
— ಓದುಗರು, ಮಂಡ್ಯ

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ನನಗೆ ಅಪ್ಪ ನೆನಪಾದರು. ಮೈಸೂರಿನ ಮಂಡಿ ಮೊಹಲ್ಲಾದ ಒಂದು ಪುಟ್ಟ ಕಾರ್ಖಾನೆಯಲ್ಲಿ ಅವರು ಬೀಟೆ ಮರದ ಕುಸುರಿ ಕೆಲಸ ಮಾಡುತ್ತಿದ್ದರು. ಕಪ್ಪು ಮರದಲ್ಲಿ ಗೆರೆ ಕೊರೆಯುವುದು, ಅದರೊಳಗೆ ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸುವುದು. ಆನೆ, ಅಂಬಾರಿ, ತೆಂಗಿನ ತೋಪು. ದೊಡ್ಡ ಹಲಗೆಯಾದರೆ ತಿಂಗಳು ಹಿಡಿಯುತ್ತಿತ್ತು. ಅದು ಅಂಗಡಿ ಸೇರಿದ ಮೇಲೆ ಹಿಂಬದಿಯಲ್ಲಿ ಅಂಗಡಿಯ ಚೀಟಿ ಅಂಟಿಸುತ್ತಿದ್ದರು. ಅಪ್ಪನ ಹೆಸರು ಎಲ್ಲೂ ಇರುತ್ತಿರಲಿಲ್ಲ. 38 ವರ್ಷ ದುಡಿದರೂ ಒಂದೇ ಒಂದು ಹಲಗೆಯ ಮೇಲೂ ಅವರ ಹೆಸರು ಬರಲಿಲ್ಲ. ಹಾಗಾಗಿ ನೀವು ಕೇಳಿರುವುದು ನನಗೆ ಬರೀ ಶಾಪಿಂಗ್ ವಿಷಯ ಅಲ್ಲ.

ನನ್ನ ಮಗಳು ಅಡಿಲೇಡ್‌ನಲ್ಲಿದ್ದಾಳೆ. ಮೊದಲ ಸಲ ಅಲ್ಲಿಗೆ ಹೋದಾಗ ಪೇಟೆಯ ಒಂದು ಉಡುಗೊರೆ ಅಂಗಡಿಯಲ್ಲಿ ಪಕ್ಕದ ಮನೆ ಮಕ್ಕಳಿಗೆಂದು ನಾಲ್ಕು ಬೂಮರಾಂಗ್ ಕೊಂಡೆ. ಎಸೆದು ಆಡುವ ಬಾಗಿದ ಮರದ ತುಂಡು ಅದು. ಚುಕ್ಕಿ ಚುಕ್ಕಿ ಬಣ್ಣ, ಕಾಂಗರೂ ಚಿತ್ರ. ಮೈಸೂರಿಗೆ ಬಂದು ತಿರುಗಿಸಿ ನೋಡಿದರೆ ಬರೆದವರ ಹೆಸರಿಲ್ಲ, ಊರಿಲ್ಲ. ನಾಲ್ಕರ ಮೇಲೂ ಒಂದೇ ಕಾಂಗರೂ, ಒಂದೇ ಕಡೆ ಒಂದೇ ತಪ್ಪು ಗೆರೆ. ಅಂದರೆ ಅಚ್ಚು. ನನಗೆ ಆಗ ಆದ ಸಂಕಟ ಹೇಳತೀರದು. ಅಪ್ಪನ ಮಗಳಾಗಿ ನಾನೇ ಹಿಂಬದಿ ನೋಡದೆ ಕೊಂಡಿದ್ದೆ.

ಇದು ಎಲ್ಲೋ ಅಪರೂಪಕ್ಕೆ ಆಗುವಂಥದ್ದೂ ಅಲ್ಲ. ಅಲ್ಲಿನ ಒಂದು ಸಗಟು ಕಂಪನಿ ಇಂಡೋನೇಷ್ಯಾದಲ್ಲಿ ಮಾಡಿಸಿದ ಬೂಮರಾಂಗ್, ಡಿಜರಿಡೂ ಎಂಬ ಉದ್ದನೆಯ ಊದುವ ವಾದ್ಯಗಳನ್ನು ಮೂಲನಿವಾಸಿಗಳ ಕೈಕೆಲಸ ಅನ್ನಿಸುವ ಹಾಗೆ ಮಾರುತ್ತಿತ್ತು. 2018ರಲ್ಲಿ ಕೋರ್ಟು ಅದನ್ನು ತಪ್ಪು ಎಂದಿತು. ಮರುವರ್ಷ 23 ಲಕ್ಷ ಡಾಲರ್ ದಂಡ ಹಾಕಿತು. 2022ರಲ್ಲಿ ಅಲ್ಲಿನ ಸರ್ಕಾರದ ಪ್ರೊಡಕ್ಟಿವಿಟಿ ಕಮಿಷನ್ ಒಂದು ವರದಿ ಕೊಟ್ಟಿತು. ಮೂಲನಿವಾಸಿ ಶೈಲಿಯ ನೆನಪಿನ ಸಾಮಾನುಗಳಿಗೆ ಜನ ಕೊಡುವ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ನಕಲಿ ಮಾಲಿಗೇ ಹೋಗುತ್ತಿದೆಯಂತೆ. ಪೇಟೆ ಅಂಗಡಿಯಲ್ಲಿ ಎಲ್ಲ ಸಿಗುತ್ತೆ ಅನ್ನುವ ನಿಮ್ಮ ಮಗನಿಗೆ ಇದನ್ನು ಓದಿ ಹೇಳಿ.

ಎರಡನೇ ಸಲ ಮಗಳು ನನ್ನನ್ನು ದೇಶದ ನಡುವಿನ ಮರುಭೂಮಿಯಲ್ಲಿರುವ ಉಲುರು ಎಂಬ ದೊಡ್ಡ ಬಂಡೆ ನೋಡಲು ಕರೆದುಕೊಂಡು ಹೋದಳು. ಕೆಂಪು ಬಂಡೆಯ ಹತ್ತಿರ ಒಂದು ಕಲ್ಚರಲ್ ಸೆಂಟರ್ ಇದೆ. ಅದರೊಳಗೆ ಮರುಕು ಆರ್ಟ್ಸ್ ಎಂಬ ಮಳಿಗೆ. ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರದೇ ಸಂಸ್ಥೆ ಅದು. ಸುತ್ತಲ ಮರುಭೂಮಿಯ 20ಕ್ಕೂ ಹೆಚ್ಚು ಊರುಗಳಿಂದ ಸುಮಾರು 900 ಮಂದಿಯ ಕೆಲಸ ಅಲ್ಲಿಗೆ ಬರುತ್ತದೆ. ನಮ್ಮ ನೀಲಗಿರಿ ಮರದ ಜಾತಿಗೇ ಸೇರಿದ ಒಂದು ಮರದಲ್ಲಿ ಉಡ, ಹಾವು, ಹಕ್ಕಿ ಕೆತ್ತುತ್ತಾರೆ. ಆಮೇಲೆ ಬೇಲಿಯ ತಂತಿಯನ್ನು ಬೆಂಕಿಯಲ್ಲಿ ಕಾಯಿಸಿ, ಮರದ ಮೇಲೆ ಸುಟ್ಟ ಗೆರೆ ಎಳೆಯುತ್ತಾರೆ. ಒಬ್ಬ ಅಜ್ಜಿ ಹೊರಗೆ ನೆಲದ ಮೇಲೆ ಕೂತು ಗೆರೆ ಎಳೆಯುತ್ತಿದ್ದರು. ಸುಟ್ಟ ಮರದ ವಾಸನೆ ಮೂಗಿಗೆ ಬಡಿಯಿತು. ಅಪ್ಪನ ಅಂಗಿಯ ವಾಸನೆಯೂ ಹೀಗೇ ಇರುತ್ತಿತ್ತು ಅನ್ನಿಸಿ ಕಣ್ಣು ತುಂಬಿಕೊಂಡಿತು. ಗೇಣುದ್ದದ ಒಂದು ಉಡ ಕೊಂಡೆ. ಜೊತೆಗೆ ಒಂದು ಚೀಟಿ. ಕೆತ್ತಿದವರ ಹೆಸರು, ಅವರ ಊರು, ಯಾವ ಮರ, ಯಾವ ಪ್ರಾಣಿ, ಎಲ್ಲ ಅದರಲ್ಲಿತ್ತು.

ಮನೆಗೆ ಬಂದ ವಾರದಲ್ಲೇ ನಮ್ಮ ಹಜಾರದಲ್ಲಿ ತೂಗುವ ಆನೆ ಹಲಗೆಯನ್ನು ಕೆಳಗಿಳಿಸಿದೆ. ಹಿಂದೆ ಅಪ್ಪನ ಹೆಸರು ಬರೆದೆ. ಪಕ್ಕದಲ್ಲಿ ಮಂಡಿ ಮೊಹಲ್ಲಾ, ಮೈಸೂರು ಅಂತ.

ಇನ್ನು ಈ ಕಲಾಕೇಂದ್ರಗಳು ಹೇಗೆ ನಡೆಯುತ್ತವೆ ಅನ್ನುವುದು. ಮಂಡ್ಯದವರಿಗೆ ಹೇಳುವುದು ಸುಲಭ. ನಿಮ್ಮೂರ ಹಾಲಿನ ಡೈರಿ ಇದೆಯಲ್ಲ, ಹಾಗೆ. ಡೈರಿ ಸದಸ್ಯರದು. ಹಾಲು ಹಾಕಿದರೆ ಅಳೆದು, ಫ್ಯಾಟ್ ನೋಡಿ, ನಿಮ್ಮ ನಂಬರಿನ ಎದುರಿಗೆ ಬರೆದುಕೊಳ್ಳುತ್ತಾರೆ. ಬಟವಾಡೆ ನಿಮ್ಮ ಹೆಸರಿಗೇ ಬರುತ್ತದೆ. ಕಲಾಕೇಂದ್ರವೂ ಕಲಾವಿದರದೇ. ಆಡಳಿತ ಮಂಡಳಿಯಲ್ಲಿ ಅವರೇ ಇರುತ್ತಾರೆ. ಮ್ಯಾನೇಜರ್ ಎಷ್ಟೋ ಕಡೆ ಹೊರಗಿನವರು, ಅವರನ್ನು ನೇಮಿಸುವುದೂ ಈ ಮಂಡಳಿಯೇ. ಕ್ಯಾನ್ವಾಸ್, ಬಣ್ಣ ಕೇಂದ್ರ ಕೊಡುತ್ತದೆ. ಚಿತ್ರ ಮುಗಿದ ಮೇಲೆ ಅದಕ್ಕೊಂದು ನಂಬರು, ಒಂದು ಫೋಟೋ, ಬರೆದವರ ಹೆಸರು, ಹಿಂದಿನ ಕಥೆ. ಮಾರಿದ ದುಡ್ಡಲ್ಲಿ ಒಂದು ದೊಡ್ಡ ಪಾಲು ಬರೆದವರಿಗೆ. ಉಳಿದದ್ದು ಕೇಂದ್ರದ ಖರ್ಚಿಗೆ.

ನೀವು ಶಿಕ್ಷಕಿ ಆದ್ದರಿಂದ ಇದು ನಿಮಗೆ ಇಷ್ಟವಾಗಬಹುದು. ನಡುನಾಡಿನ ಅಲಿಸ್ ಸ್ಪ್ರಿಂಗ್ಸ್ ಎಂಬ ಊರಿನಿಂದ ಸುಮಾರು 240 ಕಿಲೋಮೀಟರ್ ದೂರದಲ್ಲಿ ಪಪುನ್ಯ ಎಂಬ ಹಳ್ಳಿ. 1971ರಲ್ಲಿ ಅಲ್ಲಿನ ಶಾಲೆಗೆ ಜೆಫ್ರಿ ಬಾರ್ಡನ್ ಎಂಬ ಮೇಷ್ಟ್ರು ಬಂದರು. ಅವರ ಪ್ರೋತ್ಸಾಹದಿಂದ ಊರಿನ ಹಿರಿಯರು ಶಾಲೆಯ ಗೋಡೆ ಮೇಲೆ ಜೇನಿರುವೆಯ ಕಥೆ ಬರೆದರು. ಅಲ್ಲಿಯವರೆಗೆ ಮರಳಿನ ಮೇಲೆ, ಮೈಮೇಲೆ ಬರೆಯುತ್ತಿದ್ದ ಗುರುತುಗಳು ಹಲಗೆಗೂ ಬಟ್ಟೆಗೂ ಬಂದವು. 1972ರಲ್ಲಿ ಆ ಕಲಾವಿದರೇ ಪಪುನ್ಯ ತುಲ ಎಂಬ ಕಂಪನಿ ಕಟ್ಟಿದರು. ಇವತ್ತಿಗೂ ಅದು ಕಲಾವಿದರದೇ.

ನೀವು ಹೋಗುತ್ತಿರುವುದು ಉತ್ತರಕ್ಕೆ. ಅಲ್ಲಿ ಚುಕ್ಕಿ ಚಿತ್ರವನ್ನೇ ಹುಡುಕಬೇಡಿ, ಅದು ಹೆಚ್ಚಾಗಿ ನಡುನಾಡಿನ ಮರುಭೂಮಿಯವರದು. ಡಾರ್ವಿನ್‌ನ ಪೂರ್ವಕ್ಕಿರುವ ಆರ್ನಮ್ ಲ್ಯಾಂಡ್ ಎಂಬ ಸೀಮೆಯವರು ಮರದ ತೊಗಟೆಯನ್ನು ಚಪ್ಪಟೆ ಮಾಡಿ, ಅದರ ಮೇಲೆ ಮಣ್ಣಿನ ಬಣ್ಣದಲ್ಲಿ ಕೂದಲೆಳೆಯಷ್ಟು ಸಣ್ಣ ಅಡ್ಡಗೆರೆ ಎಳೆಯುತ್ತಾರೆ. ಮೀನಿನ ಚಿತ್ರವಾದರೆ ಒಳಗಿನ ಮೂಳೆಯೂ ಕಾಣುವಂತೆ ಬರೆಯುತ್ತಾರೆ. ಕಕಡು ನ್ಯಾಷನಲ್ ಪಾರ್ಕ್ ದಾಟಿದರೆ ಗುನ್ಬಲಾನ್ಯ ಎಂಬ ಊರಲ್ಲಿ ಇಂಜಲಕ್ ಆರ್ಟ್ಸ್ ಎಂಬ ಕಲಾಕೇಂದ್ರ ಇದೆ. ಆ ನೆಲ ಮೂಲನಿವಾಸಿಗಳದು. ಆದ್ದರಿಂದ ಅವರ ಪರವಾಗಿ ಆ ನೆಲ ನೋಡಿಕೊಳ್ಳುವ ನಾರ್ದರ್ನ್ ಲ್ಯಾಂಡ್ ಕೌನ್ಸಿಲ್‌ನಿಂದ ಮೊದಲೇ ಪರವಾನಗಿ ಪಡೆಯಬೇಕು. ದಾರಿಯಲ್ಲಿ ಕೇಹಿಲ್ಸ್ ಕ್ರಾಸಿಂಗ್ ಎಂಬ ಹೊಳೆದಾರಿ. ಸಮುದ್ರದ ಉಬ್ಬರ ಇಳಿತಕ್ಕೆ ತಕ್ಕಂತೆ ಅಲ್ಲಿ ನೀರು ಏರುತ್ತೆ, ಇಳಿಯುತ್ತೆ. ದೊಡ್ಡ ದೊಡ್ಡ ಮೊಸಳೆಗಳಿವೆ. ಉಬ್ಬರದ ವೇಳಾಪಟ್ಟಿ ನೋಡದೆ ಮಗ ಕಾರು ಇಳಿಸಬಾರದು. ಇಷ್ಟು ರಗಳೆ ಬೇಡ ಅನ್ನಿಸಿದರೆ ಡಾರ್ವಿನ್‌ನಿಂದ ಹಡಗಿನಲ್ಲಿ ತಿವಿ ದ್ವೀಪಕ್ಕೆ ಹೋಗಿ. ಎರಡೂವರೆ ಗಂಟೆ ಪ್ರಯಾಣ. ಅಲ್ಲಿನ ತಿವಿ ಡಿಸೈನ್ಸ್ ಎಂಬ ಕಲಾಕೇಂದ್ರ 1960ರ ದಶಕದ ಕೊನೆಯಿಂದ ಬಟ್ಟೆ ಮೇಲೆ ಅಚ್ಚು ಹಾಕುತ್ತಾ ಬಂದಿದೆ.

ಪ್ರಯಾಣವನ್ನು ಆಗಸ್ಟ್‌ಗೆ ಮುಂದೂಡಲು ಆಗುತ್ತದೆಯೇ ನೋಡಿ. ಆ ತಿಂಗಳು ಡಾರ್ವಿನ್ ಅಬಾರಿಜಿನಲ್ ಆರ್ಟ್ ಫೇರ್ ನಡೆಯುತ್ತದೆ. ದೇಶದ ಮೂಲೆ ಮೂಲೆಯ ಕಲಾಕೇಂದ್ರಗಳು ಒಂದೇ ಸೂರಿನಡಿ ಬರುತ್ತವೆ. ಮಾರಾಟದ ದುಡ್ಡು ಪೂರ್ತಿ ಕೇಂದ್ರಗಳಿಗೇ ಹೋಗುತ್ತದೆ. ವಯಸ್ಸಾದವರಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ಪೇಟೆಯ ಗ್ಯಾಲರಿಯಲ್ಲಿ ಕೊಳ್ಳಲೇಬಾರದು ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಗ್ಯಾಲರಿಗಳೂ ಇವೆ. ಇಂಡಿಜಿನಸ್ ಆರ್ಟ್ ಕೋಡ್ ಎಂಬ ನೀತಿಸಂಹಿತೆ ಇದೆ, ಅದಕ್ಕೆ ಒಪ್ಪಿ ಸಹಿ ಹಾಕಿದ ಅಂಗಡಿಯೇ ಅಂತ ಕೇಳಿ. ಈ ಚಿತ್ರ ಯಾರದು, ಯಾವ ಊರು, ಯಾವ ಕೇಂದ್ರದಿಂದ ಬಂತು, ಅವರಿಗೆ ದುಡ್ಡು ಹೇಗೆ ಸಂದಿದೆ, ಇಷ್ಟನ್ನೂ ಕೇಳಿ. ಸರಿಯಾದ ಅಂಗಡಿಯವರು ಖುಷಿಯಿಂದ ಹೇಳುತ್ತಾರೆ. ಕಲಾವಿದರು ಚಿತ್ರ ಹಿಡಿದುಕೊಂಡು ನಿಂತ ಫೋಟೋ ತೋರಿಸಿದರೆ ಅಷ್ಟಕ್ಕೇ ನಂಬಬೇಡಿ. ವಯಸ್ಸಾದ ಕಲಾವಿದರನ್ನು ಲಾಡ್ಜಿನ ರೂಮಿನಲ್ಲಿ ಕೂರಿಸಿ, ಪುಡಿಗಾಸು ಕೊಟ್ಟು ಚಿತ್ರ ಬರೆಸಿಕೊಳ್ಳುವ ದಲ್ಲಾಳಿಗಳೂ ಇದ್ದರು. ಇಂಥವರ ಬಗ್ಗೆ ಅಲ್ಲಿನ ಸಂಸತ್ತಿನ ಸಮಿತಿಯೇ ವಿಚಾರಣೆ ಮಾಡಿ 2007ರಲ್ಲಿ ವರದಿ ಕೊಟ್ಟಿತ್ತು.

ಚೌಕಾಸಿ ಬೇಡ. ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿಗೆ ಕೇಳಿದ ಹಾಗೆ ಅಲ್ಲಿ ಕೇಳಬೇಡಿ. ಬೆಲೆ ಕಟ್ಟುವಾಗಲೇ ಕಲಾವಿದರ ಪಾಲು ಲೆಕ್ಕವಾಗಿರುತ್ತದೆ. ದುಡ್ಡು ಕಮ್ಮಿ ಇದ್ದರೆ ಚಿಕ್ಕದನ್ನು ಕೊಳ್ಳಿ. ಅಂಗೈಯಗಲದ ಕ್ಯಾನ್ವಾಸ್‌ಗೂ ಅದೇ ಚೀಟಿ ಕೊಡುತ್ತಾರೆ.

ಹೊರಡುವ ಹಿಂದಿನ ದಿನ ಕೇಂದ್ರಕ್ಕೆ ಫೋನ್ ಮಾಡಿ. ಊರಲ್ಲಿ ಸಾವಾಗಿದ್ದರೆ ಬಾಗಿಲು ಮುಚ್ಚಿರಬಹುದು. ಎಷ್ಟೋ ಕಡೆ ತೀರಿಕೊಂಡವರ ಹೆಸರನ್ನು ಬಹಳ ಕಾಲ ಬಾಯಿಬಿಟ್ಟು ಹೇಳುವುದಿಲ್ಲ, ಫೋಟೋ ತೋರಿಸುವುದಿಲ್ಲ. ನೀವು ಹೆಸರು ಕೇಳಿದಾಗ ಅವರು ಸುಮ್ನೆ ಇದ್ದರೆ ಒತ್ತಾಯ ಮಾಡಬೇಡಿ. ಚಿತ್ರದ ಕಥೆಯೂ ಹಾಗೇ. ಹೇಳಬಹುದಾದಷ್ಟನ್ನು ಹೇಳುತ್ತಾರೆ, ಉಳಿದದ್ದು ಅವರ ಮನೆತನದ್ದು. ಕೇಳದೆ ಫೋಟೋ ತೆಗೆಯಬೇಡಿ, ಬರೆಯುತ್ತಿರುವ ಕೈಯದ್ದೂ ಕೂಡ.

ಇನ್ನೊಂದು ವಿಷಯ ಹೇಳದೆ ಇರಲಾರೆ. 2010ರಿಂದ ಅಲ್ಲಿ ಒಂದು ಕಾನೂನು ಇದೆ. ಒಂದು ಚಿತ್ರ ಕೈಬದಲಾಗಿ 1000 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿಗೆ ಮತ್ತೆ ಮಾರಾಟವಾದರೆ, ಅದರಲ್ಲಿ ನೂರಕ್ಕೆ 5ರಷ್ಟು ಬರೆದವರಿಗೆ ಸಲ್ಲಬೇಕು. ಅವರು ತೀರಿಕೊಂಡಿದ್ದರೆ ವಾರಸುದಾರರಿಗೆ. ಅಪ್ಪನ ಹಲಗೆಗಳು ಯಾರ ಯಾರ ಬಂಗಲೆಯಿಂದ ಯಾರ ಯಾರ ಬಂಗಲೆಗೆ ಹೋದವೋ. ಅಮ್ಮ ಕಡೆಯವರೆಗೂ ಹೊಲಿಗೆ ಮಿಷನ್ ತುಳಿದೇ ಮನೆ ನಡೆಸಿದರು.

ಪ್ರಶ್ನೆ: ಕುವೆಂಪುನಗರದಲ್ಲಿ ನನ್ನದೊಂದು ಪುಟ್ಟ ಬುಟಿಕ್ ಇದೆ. ಇಂಟರ್ನೆಟ್‌ನಲ್ಲಿ ಆಸ್ಟ್ರೇಲಿಯಾದ ಚುಕ್ಕಿ ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಇಳಿಸಿಕೊಂಡು ಕುರ್ತಾ ಮೇಲೆ ಪ್ರಿಂಟ್ ಹಾಕಿಸಿದರೆ ತಪ್ಪಾ?
— ಓದುಗರು, ಮೈಸೂರು

ಉತ್ತರ: ತಪ್ಪು. ಆ ಚುಕ್ಕಿ, ಸುತ್ತು, ಗೆರೆಗಳು ಬರೀ ಅಲಂಕಾರ ಅಲ್ಲ. ಇಂಥ ಕಥೆಯನ್ನು ಇಂಥ ಮನೆತನದವರೇ ಬರೆಯಬೇಕು ಅನ್ನುವ ಕಟ್ಟುಪಾಡಿದೆ. ಒಳಗಿನವರೇ ಇನ್ನೊಬ್ಬರ ಕಥೆ ಬರೆಯುವಂತಿಲ್ಲ. ಹಿಂದೆ ಒಂದು ಕಂಪನಿ ಮೂಲನಿವಾಸಿ ಕಲಾವಿದರ ಚಿತ್ರಗಳನ್ನು ಕೇಳದೆ ನಕಲು ಮಾಡಿ, ವಿಯೆಟ್ನಾಂನಲ್ಲಿ ಕಾರ್ಪೆಟ್ ಮಾಡಿಸಿ ಮಾರಿತ್ತು. ಪವಿತ್ರ ಅಂತ ನಂಬಿದ್ದನ್ನು ಜನ ತುಳಿದುಕೊಂಡು ಓಡಾಡುತ್ತಿದ್ದರು. 1994ರಲ್ಲಿ ಕೋರ್ಟು ಕಲಾವಿದರ ಪರ ತೀರ್ಪು ಕೊಟ್ಟಿತು. ತಮ್ಮ ಜನರ ನಡುವೆ ಅವರಿಗಾದ ನೋವನ್ನೂ ಲೆಕ್ಕಕ್ಕೆ ಹಿಡಿದು ಪರಿಹಾರ ಕೊಡಿಸಿತು.

ನಿಮಗೆ ಬೇರೆ ದಾರಿ ಇದೆ. ಮೇಲೆ ಹೇಳಿದ ಇಂಜಲಕ್ ಮತ್ತು ತಿವಿಯ ಕಲಾಕೇಂದ್ರಗಳು ಅಚ್ಚು ಹಾಕಿದ ಬಟ್ಟೆಯನ್ನೇ ಮೀಟರ್ ಲೆಕ್ಕದಲ್ಲಿ ಮಾರುತ್ತವೆ. ಅವರಿಗೇ ಬರೆದು ಕೇಳಿ, ಇದರಲ್ಲಿ ಹೊಲಿದು ಮಾರಬಹುದಾ ಅಂತ. ಬೆಲೆ ಜಾಸ್ತಿಯೇ ಆಗುತ್ತದೆ. ಇಡೀ ಕುರ್ತಾ ಆಗದಿದ್ದರೆ ಜೇಬು, ಅಂಚು ಮಾಡಿ. ಕಲಾವಿದರ ಹೆಸರನ್ನು ನಿಮ್ಮ ಟ್ಯಾಗಿನಲ್ಲಿ ಹಾಕಿ.

ಪ್ರಶ್ನೆ: ಮುಂದಿನ ವಾರ ಎಚ್.ಡಿ. ಕೋಟೆ ಕಡೆ ರೆಸಾರ್ಟ್‌ಗೆ ಹೋಗುತ್ತಿದ್ದೇವೆ. ಅಲ್ಲಿ ಆದಿವಾಸಿ ಹಾಡಿ ತೋರಿಸಲು ಜೀಪಿನಲ್ಲಿ ಕರೆದುಕೊಂಡು ಹೋಗುತ್ತಾರಂತೆ. ಮಕ್ಕಳಿಗೆ ಬಿಸ್ಕತ್ತು ಒಯ್ಯಲೇ?
— ಓದುಗರು, ಮದ್ದೂರು

ಉತ್ತರ: ಬಿಸ್ಕತ್ತೂ ಬೇಡ, ಜೀಪೂ ಬೇಡ. ಹಾಡಿ ಅಂದರೆ ಜನರ ಮನೆ. ನಿಮ್ಮ ಬೀದಿಗೆ ಜೀಪು ಬಂದು, ನಿಮ್ಮ ಮೊಮ್ಮಗನ ಫೋಟೋ ತೆಗೆದು, ಕೈಗೆ ಬಿಸ್ಕತ್ತು ಕೊಟ್ಟು ಹೋದರೆ ನಿಮಗೆ ಹೇಗನ್ನಿಸುತ್ತದೆ? ಜೇನುಕುರುಬರು, ಬೆಟ್ಟಕುರುಬರು ಎಷ್ಟೋ ಜನ ನಾಗರಹೊಳೆ ಕಾಡಿನೊಳಗಿಂದ ಎದ್ದು ಬಂದವರು. ಅವರ ಬದುಕನ್ನು ಟಿಕೆಟ್ ಕೊಟ್ಟು ನೋಡುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಅವರ ಕೈಕೆಲಸ ಕೊಳ್ಳಿ. ಬೆಟ್ಟಕುರುಬರ ಬಿದಿರು ಬುಟ್ಟಿ ಗಟ್ಟಿ, ವರ್ಷಗಟ್ಟಲೆ ಬಾಳಿಕೆ ಬರುತ್ತದೆ. ಜೇನುತುಪ್ಪ ಬೇಕಾದರೆ ಆದಿವಾಸಿಗಳದೇ ಲ್ಯಾಂಪ್ಸ್ ಸಹಕಾರ ಸಂಘಗಳಲ್ಲಿ ವಿಚಾರಿಸಿ. ಮಹದೇಶ್ವರ ಬೆಟ್ಟಕ್ಕೆ ಹೋಗುವವರಾದರೆ ಸೋಲಿಗರು ಮಾಡುವ ಲಾಂಟಾನ ಕಡ್ಡಿಯ ಕುರ್ಚಿ, ಬುಟ್ಟಿಗಳನ್ನು ನೋಡಿ. ಕಾಡನ್ನೇ ನುಂಗುತ್ತಿರುವ ಕಳೆಗಿಡ ಅದು, ಕಡಿದಷ್ಟೂ ಒಳ್ಳೆಯದು. ಬುಟ್ಟಿ ಕೊಳ್ಳುವಾಗ ಹೆಣೆದವರು ಯಾರು ಅಂತ ಕೇಳಿ. ಚೀಟಿ ಇಲ್ಲದಿದ್ದರೆ ಅವರನ್ನೇ ಕೇಳಿ, ಒಪ್ಪಿದರೆ ಬುಟ್ಟಿಯ ತಳದಲ್ಲಿ ನೀವೇ ಬರೆದುಕೊಳ್ಳಿ. ಮಳೆಗಾಲದಲ್ಲಿ ಬಿದಿರಿಗೆ ಹುಳು ಹತ್ತುತ್ತೆ, ಬಿಸಿಲು ಬಿದ್ದ ದಿನ ಹೊರಗಿಡಿ.