ಗಂಡುಮಕ್ಕಳು ಬೆಟ್ಟದಲ್ಲಿ, ಹೆಣ್ಣುಮಕ್ಕಳು ಶಾಲೆಯಲ್ಲಿ

ಸಾಗರದಿಂದ ನಿವೃತ್ತ ಸಮಾಜ ವಿಜ್ಞಾನ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯ ದೇಶ ಪರಿಚಯದಲ್ಲಿ, ಲೆಸೂತುವಿನಲ್ಲಿ ಗಂಡಸರಿಗಿಂತ ಹೆಂಗಸರಲ್ಲೇ ಓದುಬರಹ ಬಲ್ಲವರು ಹೆಚ್ಚು ಎಂದು ಅಚ್ಚಾಗಿದೆ. ಅಂಕಿ ಅದಲುಬದಲಾಗಿರಬೇಕು. 1996ರಿಂದ 2006ರವರೆಗೆ ಅಲ್ಲಿ ಜನಸಂಖ್ಯೆ ಬೆಳೆದೇ ಇಲ್ಲ ಎಂಬಂತೆಯೂ ಬರೆದಿದ್ದೀರಿ. ಬಡ ದೇಶದಲ್ಲಿ ಇದು ಹೇಗೆ ಸಾಧ್ಯ? ಮಕ್ಕಳು ಓದುವ ಪುಟ, ದಯವಿಟ್ಟು ತಿದ್ದುಪಡಿ ಹಾಕಿ. ಮತ್ತೆ, ಭೂಪಟದಲ್ಲಿ ಲೆಸೊಥೊ ಎಂದಿದೆಯಲ್ಲ, ಲೆಸೂತು ಎಲ್ಲಿಂದ ಬಂತು?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ಎರಡೂ ಅಂಕಿ ಸರಿಯಾಗಿಯೇ ಇವೆ. ಕಾರಣ ಹೇಳದೆ ಬರೀ ಅಂಕಿ ಹಾಕಿದ್ದು ಮಾತ್ರ ನಮ್ಮ ತಪ್ಪು.

ಸುತ್ತಲೂ ದಕ್ಷಿಣ ಆಫ್ರಿಕಾವೇ ಇರುವ ಈ ಪುಟ್ಟ ದೇಶದ ಹೆಸರಿನ ವಿಚಾರ ಮೊದಲು ಮುಗಿಸೋಣ. ಬರೆಯುವಾಗ ಲೆಸೊಥೊ ಎಂಬಂತೆ ಕಂಡರೂ ಅಲ್ಲಿನವರು ಅನ್ನುವುದು ಲೆಸೂತು. ಅವರ ಭಾಷೆಯಲ್ಲಿ ಅರ್ಥ ಬದಲಾಗುವುದು ಪದದ ಮುಂದೆ ಸೇರುವ ಅಕ್ಷರದಿಂದ: ದೇಶ ಲೆಸೂತು, ಭಾಷೆ ಸೆಸೂತು, ಒಬ್ಬ ಮನುಷ್ಯನಾದರೆ ಮೊಸೂತು, ಜನರೆಲ್ಲ ಸೇರಿದರೆ ಬಾಸೂತು.

ಇನ್ನು ಓದಿನ ಮಾತು. ಹೆಂಗಸರಲ್ಲಿ ಓದಲು ಬಲ್ಲವರು ಶೇಕಡಾ 90ಕ್ಕೂ ಮೇಲೆ; ಗಂಡಸರು ಅವರಿಗಿಂತ ಸ್ಪಷ್ಟವಾಗಿ ಹಿಂದಿದ್ದಾರೆ. ಹುಡುಗಿಯರನ್ನು ಓದಿಸಬೇಕೆಂಬ ಹಂಬಲ ಅಲ್ಲಿ ವಿಶೇಷವಾಗಿ ಇತ್ತೆಂದು ಇದರ ಅರ್ಥವಲ್ಲ. ಹುಡುಗರು ದನ, ಕುರಿ ಕಾಯಲು ಹೋದರು. ಮನೆಯ ಹತ್ತಿರವೇ ಉಳಿದ ಹುಡುಗಿಯರು ಶಾಲೆಗೆ ಹೋದರು.

ದನ ಅಲ್ಲಿ ಬರೀ ಹಾಲು, ಉಳುಮೆಗಲ್ಲ. ಮದುವೆಯಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುವ ತೆರಕ್ಕೆ ಬೊಹಾಲಿ ಎನ್ನುತ್ತಾರೆ. ಸಂಪ್ರದಾಯದ ಪೂರ್ಣ ಲೆಕ್ಕ 20 ದನ, 10 ಕುರಿ ಅಥವಾ ಆಡು, ಒಂದು ಕುದುರೆ. ಒಂದೇ ಸಲಕ್ಕೆ ಕೊಡುವವರು ಕಡಿಮೆ. ಕಂತಿನಲ್ಲಿ ವರ್ಷಗಟ್ಟಲೆ ನಡೆಯುತ್ತದೆ, ಈಗೀಗ ದನದ ಬದಲು ಹಣವೂ ನಡೆಯುತ್ತದೆ. ದನವಿಲ್ಲದ ಬಡವನಿಗೆ ಉಳ್ಳವನು ಹಸು ಕೊಡುವ ಮಾಫಿಸಾ ಎಂಬ ಪದ್ಧತಿಯೂ ಇದೆ. ನಮ್ಮಲ್ಲಿ ಪಾಲಿಗೆ ಸಾಕಲು ಕೊಟ್ಟ ಹಾಗೆಯೇ, ಆದರೆ ಕರುವಿನಲ್ಲಿ ಪಾಲಿಲ್ಲ. ಹಾಲು, ಉಳುಮೆ ಸಾಕಿದವನಿಗೆ. ಹುಟ್ಟಿದ ಕರು ಯಜಮಾನನಿಗೆ.

ಇಷ್ಟೆಲ್ಲ ದನವನ್ನು ಯಾರಾದರೂ ಕಾಯಲೇಬೇಕಲ್ಲ? ಇಡೀ ದೇಶ ಸಮುದ್ರಮಟ್ಟದಿಂದ ಸುಮಾರು 1,400 ಮೀಟರಿಗಿಂತ ಮೇಲಿದೆ, ತಗ್ಗೆಂದರೂ ಅದೇ. ಚಳಿಗಾಲದಲ್ಲಿ ಬೆಟ್ಟದ ಮೇಲೆ ಹಿಮ ಬೀಳುತ್ತದೆ. ಬೇಸಿಗೆ ಬಂತೆಂದರೆ ದನ, ಕುರಿ, ಮೊಹೇರ್ ಉಣ್ಣೆಯ ಆಡುಗಳನ್ನು ಎತ್ತರದ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುತ್ತಾರೆ. ಅಲ್ಲಿ ಕಲ್ಲು ಪೇರಿಸಿ ಹುಲ್ಲು ಹೊದಿಸಿದ ಗುಡಿಸಲು, ಪಕ್ಕದಲ್ಲಿ ಕಲ್ಲಿನ ದೊಡ್ಡಿ. ಕಾಯುವ ಹುಡುಗನ ಮೈಮೇಲೆ ದಪ್ಪ ಉಣ್ಣೆಯ ಕಂಬಳಿ, ಕಾಲಲ್ಲಿ ರಬ್ಬರ್ ಬೂಟು, ಕೈಯಲ್ಲಿ ಮೊಲಾಮು ಎಂಬ ದೊಣ್ಣೆ. ಊಟ ಮೆಕ್ಕೆಜೋಳದ ಗಟ್ಟಿ ಮುದ್ದೆ. ಅದರ ಹೆಸರು ಪಾಪಾ. ಬೇರೆಯವರ ಮಂದೆ ಕಾಯುವವನಿಗೆ ಸಾಮಾನ್ಯವಾಗಿ ವರ್ಷದ ಕೂಲಿ ಒಂದು ಹಸು, ಇಲ್ಲವೇ 12 ಕುರಿ. ಲೆಸಿಬಾ ಎಂಬ ವಾದ್ಯವೂ ಈ ಹುಡುಗರದೇ: ಬಿಲ್ಲಿನಂಥ ಕೋಲಿಗೆ ಬಿಗಿದ ತಂತಿ, ತಂತಿಯ ತುದಿಗೆ ಚಪ್ಪಟೆ ಮಾಡಿದ ಹಕ್ಕಿಗರಿಯ ಕಡ್ಡಿ. ಮೀಟುವುದಿಲ್ಲ, ಆ ಕಡ್ಡಿಯನ್ನು ತುಟಿಗಳ ನಡುವೆ ಹಿಡಿದು ಉಸಿರು ಎಳೆದು ಬಿಟ್ಟು ನುಡಿಸುತ್ತಾರೆ.

ಪ್ರಾಥಮಿಕ ಶಿಕ್ಷಣ 2000ದಿಂದ ಒಂದೊಂದೇ ತರಗತಿಯಂತೆ ಉಚಿತವಾಯಿತು. 2010ರ ಕಾಯ್ದೆ ಅದನ್ನು ಕಡ್ಡಾಯವನ್ನೂ ಮಾಡಿತು. ಆದರೂ ಶುಲ್ಕ ತೆಗೆದ ಮಾತ್ರಕ್ಕೆ ಮಂದೆ ಕಾಯುವವರ ಕೊರತೆ ನೀಗುವುದಿಲ್ಲ. ಆದ್ದರಿಂದಲೇ ಮಂದೆ ದೊಡ್ಡಿಗೆ ಸೇರಿದ ಮೇಲೆ ನಡೆಯುವ ಸಂಜೆ ಶಾಲೆಗಳು ಈ ಹುಡುಗರಿಗೆ ಹೆಚ್ಚು ದಕ್ಕಿದವು.

ಓದಿದ ಹೆಂಗಸರ ಕೈಗೆ ಅಧಿಕಾರ ಬಂತೇ ಎಂದು ನೀವು ತರಗತಿಯಲ್ಲಿ ಕೇಳಿಯೇ ಕೇಳುತ್ತಿದ್ದಿರಿ. ಬರಲಿಲ್ಲ. ಮದುವೆಯಾದ ಹೆಂಗಸು 2006ರವರೆಗೆ ಕಾನೂನಿನ ಕಣ್ಣಿನಲ್ಲಿ ಅಪ್ರಾಪ್ತ ವಯಸ್ಕಳಿದ್ದಂತೆ. ಬ್ಯಾಂಕಿನ ಸಾಲಕ್ಕೂ ಗಂಡನ ಒಪ್ಪಿಗೆ ಬೇಕಿತ್ತು. ಮದುವೆಯಾದವರ ಕಾನೂನು ಹಕ್ಕಿನ ಕಾಯ್ದೆ ಆ ವರ್ಷ ಬಂದ ಮೇಲೆ ಗಂಡನ ಈ ಯಜಮಾನಿಕೆ ಹೋಯಿತು. ಮಗಳು ಪದವಿ ಪಡೆದಿದ್ದರೂ ತಾಯಿ ಅಂಗಡಿ ಇಡಲು ಗಂಡನ ಸಹಿಗೆ ಕಾಯಬೇಕಾಗಿದ್ದ ದೇಶ ಅದು. ಈ ಸಂಗತಿ ಬಿಟ್ಟು ಸಾಕ್ಷರತೆಯ ಅಂಕಿಯೊಂದನ್ನೇ ಹೊಗಳಿದರೆ ಅಲ್ಲಿನ ಹೆಂಗಸರಿಗೆ ಅನ್ಯಾಯ ಮಾಡಿದ ಹಾಗೆ.

ಈಗ ಬೆಳೆಯದ ಜನಸಂಖ್ಯೆ. ಇದರ ಬೇರು ಹಳೆಯದು. ಬಾಸೂತು ಜನರನ್ನು ಒಗ್ಗೂಡಿಸಿದ ದೊರೆ ಒಂದನೇ ಮೊಶ್ವೇಶ್ವೆ, ಬೋಯರರ, ಅಂದರೆ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬಿಳಿಯ ರೈತರ, ಜೊತೆಗಿನ ಯುದ್ಧಗಳಲ್ಲಿ ಕ್ಯಾಲೆಡನ್ ನದಿಯಾಚೆಯ ಫಲವತ್ತಾದ ಬಯಲನ್ನು ಕಳೆದುಕೊಂಡ. ಉಳಿದದ್ದೂ ಹೋದೀತೆಂದು ಬ್ರಿಟಿಷರ ರಕ್ಷಣೆ ಕೇಳಿ ಪಡೆದದ್ದು 1868ರಲ್ಲಿ. ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗಿದ್ದೂ ಅದರಲ್ಲಿ ಸೇರಿಹೋಗದೆ 1966ರಲ್ಲಿ ಸ್ವತಂತ್ರವಾಗಲು ಸಾಧ್ಯವಾದದ್ದು ಇದರಿಂದಲೇ. ಆದರೆ ಕೈಯಲ್ಲಿ ಉಳಿದ 30,355 ಚದರ ಕಿಲೋಮೀಟರಿನಲ್ಲಿ ಉಳುವ ನೆಲ ತೀರಾ ಕಡಿಮೆ. ಗಂಡಸರು ಮೊದಲು ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ವಜ್ರದ ಗಣಿಗೆ, ಆಮೇಲೆ ಜೊಹಾನ್ಸ್‌ಬರ್ಗ್ ಸುತ್ತಲ ಚಿನ್ನದ ಗಣಿಗೆ ಹೊರಟರು. 1980ರ ದಶಕದ ಕೊನೆಗೆ ಗಣಿಗಳಲ್ಲಿದ್ದ ಬಾಸೂತು ಗಂಡಸರು ಒಂದು ಲಕ್ಷಕ್ಕೂ ಹೆಚ್ಚು. ಕೂಲಿ ಅಲ್ಲೇ ಕರಗದಿರಲೆಂದು 1974ರ ಕಾಯ್ದೆಯೊಂದು ಸಂಬಳದ ಶೇಕಡಾ 60ನ್ನು ಹಿಡಿದಿಟ್ಟು ಲೆಸೂತುವಿನ ಬ್ಯಾಂಕಿಗೇ ಕಳಿಸುವ ಏರ್ಪಾಡು ಮಾಡಿತ್ತು. ಹೆಂಡತಿಯನ್ನು ಜೊತೆಗೆ ಕರೆದೊಯ್ಯುವ ಹಾಗಿರಲಿಲ್ಲ. ವರ್ಷದ ಬಹುಪಾಲು ಗಂಡ ಗಣಿಯ ಹಾಸ್ಟೆಲಿನಲ್ಲಿ, ಹೆಂಡತಿ ಊರಿನಲ್ಲಿ.

ಗಣಿಗಳು 1990ರ ದಶಕದಲ್ಲಿ ಆಳುಗಳನ್ನು ಕಡಿತ ಮಾಡಿದವು. ಹಲವರು ಕಲ್ಲಿನ ಧೂಳು ಕುಡಿದ ಶ್ವಾಸಕೋಶ, ಕ್ಷಯ ಹೊತ್ತು ಮನೆಗೆ ಬಂದರು. ಆ ಹೊತ್ತಿಗೇ ಎಚ್ಐವಿ ಹಬ್ಬಿತು. ಗಂಡ ಹೆಂಡಿರನ್ನು ವರ್ಷಗಟ್ಟಲೆ ಬೇರೆ ಇಟ್ಟ ದುಡಿಮೆಗೂ ಈ ಹಬ್ಬುವಿಕೆಗೂ ನೇರ ಸಂಬಂಧವಿದೆ. ಸರಾಸರಿ ಆಯುಷ್ಯ 60ರ ಹತ್ತಿರದಿಂದ 2000ದ ದಶಕದ ನಡುವಿಗೆ 45ರ ಆಸುಪಾಸಿಗೆ ಕುಸಿಯಿತು. ಅಜ್ಜಿಯರು ಮೊಮ್ಮಕ್ಕಳಿಗೆ ತಾಯಂದಿರಾದರು. 70 ದಾಟಿದವರಿಗೆಂದು 2004ರಲ್ಲಿ ತಿಂಗಳಿಗೆ 150 ಮಲೋಟಿಯ (ಮಲೋಟಿ ಅಲ್ಲಿನ ಹಣ) ಪಿಂಚಣಿ ಶುರುವಾಯಿತು. ಎಷ್ಟೋ ಮನೆಗಳಲ್ಲಿ ಆ ಹಣ ಅನಾಥ ಮೊಮ್ಮಕ್ಕಳ ಸಮವಸ್ತ್ರಕ್ಕೆ ಹೋಯಿತು.

ಅತ್ತ ಹೆರಿಗೆಯೂ ಇಳಿಯುತ್ತಿತ್ತು: ಒಬ್ಬ ಹೆಂಗಸಿಗೆ ಐದಕ್ಕೂ ಹೆಚ್ಚಿದ್ದ ಮಕ್ಕಳ ಸರಾಸರಿ 2009ರ ಹೊತ್ತಿಗೆ 3.3. ಹುಟ್ಟು ಕಡಿಮೆಯಾಗಿ, ಸಾವು ಹೆಚ್ಚಾಗಿ, ಮೇಲೆ ವಲಸೆಯೂ ಸೇರಿದಾಗ ಲೆಕ್ಕ ನಿಂತಲ್ಲೇ ನಿಂತಿತು. 1996ರಲ್ಲಿ ಸುಮಾರು 18.6 ಲಕ್ಷ, 2006ರಲ್ಲಿ ಸುಮಾರು 18.8 ಲಕ್ಷ. 2016ರಲ್ಲಿ 20,07,201, ಬೆಳವಣಿಗೆ ಮತ್ತೆ ಶುರುವಾಗಿದೆ. ಎಚ್ಐವಿ ಚಿಕಿತ್ಸೆಗೆ ಇದರಲ್ಲಿ ದೊಡ್ಡ ಪಾಲಿದೆ. ಸೋಂಕು ಕಂಡ ಕೂಡಲೇ, ಕಾಯಿಲೆ ಬಲಿಯಲು ಬಿಡದೆ, ಎಲ್ಲರಿಗೂ ಔಷಧ ಕೊಡುವ ಕ್ರಮಕ್ಕೆ ಆಫ್ರಿಕಾದಲ್ಲಿ ಮೊದಲು ಇಳಿದದ್ದು ಈ ಬಡ ದೇಶವೇ, 2016ರಲ್ಲಿ. ಹಾಗಿದ್ದೂ 2020ರ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇಕಡಾ 22.7 ಮಂದಿ ಸೋಂಕಿತರು. ಔಷಧ ಸಿಕ್ಕವರು ಸಾಯದೆ ಉಳಿಯುತ್ತಾರೆ, ಆದ್ದರಿಂದ ಈ ಪ್ರಮಾಣ ಬೇಗ ಇಳಿಯುವುದಿಲ್ಲ. ಮಕ್ಕಳಿಗೆ ಇದನ್ನು ಸೋಲೆಂದು ಹೇಳಬೇಡಿ.

ಗಣಿ ಕೈಬಿಟ್ಟ ಮೇಲೆ ದುಡಿಮೆ ಹೆಂಗಸರ ಕಡೆಗೆ ಹೊರಳಿತು. ಅಮೆರಿಕ ಸುಂಕವಿಲ್ಲದೆ ಸರಕು ಬಿಟ್ಟುಕೊಂಡದ್ದರಿಂದ ರಾಜಧಾನಿ ಮಸೇರು, ಮಪುತ್ಸೊ ಪಟ್ಟಣಗಳಲ್ಲಿ ಜೀನ್ಸ್, ಟೀ ಶರ್ಟ್ ಹೊಲಿಯುವ ಗಾರ್ಮೆಂಟ್ಸ್ ಎದ್ದವು. ಒಳ್ಳೆಯ ದಿನಗಳಲ್ಲಿ ಅಲ್ಲಿ 40 ಸಾವಿರದಷ್ಟು ಜನ, ಹೆಚ್ಚಿನವರು ಹೆಂಗಸರು. 2025ರ ಏಪ್ರಿಲಿನಲ್ಲಿ ಅಮೆರಿಕ ಇವರ ಸರಕಿನ ಮೇಲೆ ಶೇಕಡಾ 50 ಸುಂಕ ಸಾರಿತು. ಆಗಸ್ಟಿನಲ್ಲಿ ಅದು 15ಕ್ಕೆ ಇಳಿಯಿತಾದರೂ ಅಷ್ಟರಲ್ಲಿ ಆರ್ಡರ್‌ಗಳು ಕೈತಪ್ಪಿ ಹೊಲಿಗೆ ಸಾಲುಗಳು ಖಾಲಿಯಾಗಿದ್ದವು.

ಅಲ್ಲಿ ಜನಗಣತಿ ಹತ್ತು ವರ್ಷಕ್ಕೊಮ್ಮೆ, ಮುಂದಿನ ಸರದಿ 2026. ಅಂಕಿ ಕೈಗೆ ಬಂದಾಗ ಒಟ್ಟು ಜನಸಂಖ್ಯೆಗಿಂತ ಮೊದಲು ಎರಡು ಕಡೆ ಕಣ್ಣು ಹಾಯಿಸಿ, ಮೇಷ್ಟ್ರೇ: 10ರಿಂದ 14 ವಯಸ್ಸಿನ ಹುಡುಗರಲ್ಲಿ ಶಾಲೆಯಲ್ಲಿರುವವರು ಎಷ್ಟು, ದುಡಿಮೆಗೆ ಗಡಿ ದಾಟಿದವರಲ್ಲಿ ಹೆಂಗಸರು ಎಷ್ಟು. ನಮ್ಮ ದೇಶ ಪರಿಚಯದ ಪುಟದಲ್ಲೂ ಅವೆರಡನ್ನೇ ಮೊದಲು ಹಾಕುತ್ತೇವೆ, ಈ ಸಲ ಕಾರಣ ಸಮೇತ.