ಸೆಲ್ಲಾರ್ ಗೋಡೆಗೆ ಈಗಲೇ ಪ್ಯಾನೆಲ್ ಹೊಡೆಸಬೇಡಿ ಅಣ್ಣ

ಅಣ್ಣ, ನಿಮ್ಮ ಫೋಟೊ ನೋಡಿದೆ. ಸೆಲ್ಲಾರಿನಲ್ಲಿ ಮಗನಿಗೆ ಓದೋ ಕೋಣೆ, ಮೂಲೆಯ ತೇವದ ಕಲೆ ಮೇಲೆ ಪಿವಿಸಿ ಪ್ಯಾನೆಲ್, ಯಾವ ಕಂಪನಿದು ಒಳ್ಳೇದು ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ಇದೇ ತಪ್ಪನ್ನು ನಾನು 2021ರ ಬೇಸಿಗೆಯಲ್ಲಿ ಮಾಡಿದ್ದೇನೆ.

ನಮ್ಮದು ಕೋಲಾರ ಅಲ್ವಾ, ಸಾವಿರ ಅಡಿ ಬೋರ್ ಕೊರೆಸಿದರೂ ಧೂಳೇ ಬರುವ ಊರು, ಎಂಟಡಿ ಸೆಲ್ಲಾರಿಗೆ ಎಲ್ಲಿಯ ನೀರು ಅಂದುಕೊಂಡಿದ್ದೆ. ಒಳಗಿನಿಂದ ಡ್ಯಾಂಪ್ ಪ್ರೂಫ್ ಬಳಿಸಿ, ಅದರ ಮೇಲೆ ಪ್ಲೈವುಡ್ ವಾರ್ಡ್‌ರೋಬ್ ಕೂರಿಸಿದೆ. ನವೆಂಬರ್ ಮಳೆ ನೆನಪಿದೆಯಲ್ಲ, ಕೆರೆಗಳೆಲ್ಲ ಕೋಡಿ ಬಿದ್ದವು. ಗೋಡೆಯ ಬಣ್ಣ ಅಂಗೈಯಗಲ ಗುಳ್ಳೆ ಎದ್ದಿತ್ತು. ಉಗುರಿನಲ್ಲಿ ಚುಚ್ಚಿದೆ, ನೀರು ಮೊಣಕೈವರೆಗೆ ಇಳಿಯಿತು. ವಾರ್ಡ್‌ರೋಬ್ ಎಳೆದರೆ ಹಿಂದಿನ ಪ್ಲೈ ಹಪ್ಪಳದ ಹಾಗೆ ಪದರ ಬಿಟ್ಟಿತ್ತು. ಅಮ್ಮನ ಧಾರೆ ಸೀರೆಗೆ ಬೂಷ್ಟು. ಅವರು ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ.

ಬೋರ್ ನೀರಿಗೂ ಇದಕ್ಕೂ ಸಂಬಂಧವೇ ಇಲ್ಲ. ಪಾಯ ತೆಗೆದಾಗ ಗೋಡೆಯ ಹೊರಗೆ ತುಂಬಿದ ಮಣ್ಣು ಸಡಿಲ, ಅದರಾಚೆ ಗಟ್ಟಿ ನೆಲ. ಮಳೆ ನೀರು ಅಲ್ಲಿ ಬಾನಿಯಲ್ಲಿ ನಿಂತ ಹಾಗೆ ನಿಂತು ಗೋಡೆಯನ್ನು ಒತ್ತುತ್ತದೆ. ಒಳಗೆ ಬಳಿದಿದ್ದನ್ನು ಹಿಂದಿನಿಂದ ತಳ್ಳಿ ಕೀಳುತ್ತದೆ. ಫಾಸ್ರಾಕ್ ಕಂಪನಿದು ತನ್ನಿ, ಸಿಕಾ ಕಂಪನಿದು ತನ್ನಿ, ಒಳ್ಳೆಯ ಮಾಲೇ, ಆದರೆ ಹೊರಮೈಗೆ ಹೊಡೆದರೆ ಬರುವ ಬಾಳಿಕೆ ಒಳಗೆ ಬರುವುದಿಲ್ಲ. ಹತ್ತು ವರ್ಷ ಗ್ಯಾರಂಟಿ ಅಂದ ನನ್ನ ಕಂಟ್ರಾಕ್ಟರ್ ಹತ್ತು ತಿಂಗಳಿಗೆ ಫೋನ್ ಎತ್ತುವುದನ್ನೇ ಬಿಟ್ಟ.

ಮೊದಲು ತಾರಸಿಯ ಪೈಪ್ ಎಲ್ಲಿ ಬೀಳುತ್ತಿದೆ ನೋಡಿ. ಸಾವಿರ ಚದರ ಅಡಿ ತಾರಸಿಗೆ ಒಂದು ಇಂಚು ಮಳೆ ಬಂದರೆ ಸುಮಾರು 2,360 ಲೀಟರ್ ನೀರು. ನಮ್ಮ ಮನೆಯಲ್ಲಿ ಅಷ್ಟೂ ಗೋಡೆ ಬುಡಕ್ಕೇ ಸುರಿಯುತ್ತಿತ್ತು. ಆಮೇಲೆ ಸಂಪ್. ಅದು ಆ ಗೋಡೆಗೆ ಅಂಟಿಕೊಂಡಿದ್ದರೆ ರಾತ್ರಿ ವಾಲ್ವ್ ಮುಚ್ಚಿ, ಮೋಟಾರ್ ಹಾಕದೆ, ನೀರಿನ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಕಳ್ಳ ಸಿಕ್ಕ.

ನನಗೆ ಕೊನೆಗೆ ಕೆಲಸ ಕೊಟ್ಟಿದ್ದು ಹೊರಗಿನ ಕಾಲುವೆ. ಗೋಡೆ ಪಕ್ಕ ಅಗೆಸಿ, ಸಿಮೆಂಟ್ ಕೋಟಿಂಗ್ ಹೊಡೆಸಿ, ಬುಡದಲ್ಲಿ ತೂತಿನ ಪಿವಿಸಿ ಪೈಪ್, ಸುತ್ತ 20 ಎಂಎಂ ಜಲ್ಲಿ, ಅದಕ್ಕೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋ ಬಟ್ಟೆ. ಬಟ್ಟೆ ಬಿಟ್ಟರೆ ಮಣ್ಣು ಕಟ್ಟಿ ಎರಡು ಮಳೆಗೆ ಪೈಪ್ ಮುಗಿಯಿತು. ನೂರು ಅಡಿಗೆ ಒಂದು ಅಡಿ ಇಳಿಜಾರು ಸಾಕು. ಆದರೆ ಉದ್ದಕ್ಕೂ ಒಂದೇ ಸಲ ಅಗೆಸಬೇಡಿ, ತುಂಡು ತುಂಡಾಗಿ ಅಗೆಸಿ. ಫುಟಿಂಗ್, ಅಂದರೆ ಪಾಯದ ತಳದ ಕೆಳಗೆ ಹೋಗಲೇಬೇಡಿ. ಪಕ್ಕದ ಮನೆ ಗೋಡೆ ಹತ್ತಿರವಿದ್ದರೆ ಇಂಜಿನಿಯರ್ ಇಲ್ಲದೆ ಗುದ್ದಲಿ ಮುಟ್ಟಬೇಡಿ.

ಬರೀ ಸೆಕೆಗೆ ಗಾಳಿಯ ತೇವ ಗೋಡೆ ಮೇಲೆ ಕೂತಿದ್ದೂ ಇರಬಹುದು. ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಒಂದು ದಿನ ಬಿಡಿ. ಹನಿ ಹಾಳೆಯ ಒಳಗಡೆ, ಗೋಡೆ ಬದಿಗೆ ಇದ್ದರೆ ಗೋಡೆಯಿಂದಲೇ ಬರುತ್ತಿದೆ. ನಿಮ್ಮ ಕಡೆಗಿದ್ದರೆ ಗಾಳಿಯದು, ಎಕ್ಸಾಸ್ಟ್ ಫ್ಯಾನ್ ಸಾಕಾದೀತು. ಮಳೆಗಾಲದಲ್ಲಿ ಮಾಡಿ, ಏಪ್ರಿಲ್‌ನಲ್ಲಿ ಮಾಡಿ ಒಣಗಿದೆ ಅಂತ ಸುಮ್ನೆ ಖುಷಿಪಡಬೇಡಿ.

ಅಲ್ಲೇ ಟಾಯ್ಲೆಟ್ ಕೂಡ ಅಂದಿದ್ದೀರಿ. ರಸ್ತೆಯ ಒಳಚರಂಡಿ ಸೆಲ್ಲಾರಿಗಿಂತ ಮೇಲಿದ್ದರೆ ಪಂಪ್ ಬೇಕು, ಹೋದ ನೀರು ಹಿಂದಕ್ಕೆ ಬರದ ಹಾಗೆ ತಡೆಯುವ ನಾನ್ ರಿಟರ್ನ್ ವಾಲ್ವೂ ಬೇಕು. ಇಲ್ಲದಿದ್ದರೆ ರಸ್ತೆಯ ಚೇಂಬರ್ ಬ್ಲಾಕ್ ಆದ ದಿನ ಬೀದಿಯದೆಲ್ಲ ನಿಮ್ಮ ಕಮೋಡಿನಲ್ಲಿ. ನಾನಾಗಿದ್ದರೆ ಆ ಟಾಯ್ಲೆಟ್ ಕೈಬಿಡುತ್ತಿದ್ದೆ. ಪ್ಲಾನಿನಲ್ಲಿ ಪಾರ್ಕಿಂಗ್ ಅಂತಿದ್ದರೆ ನಗರಸಭೆಯಲ್ಲೂ ಮೊದಲೇ ಕೇಳಿ. ಜನರೇಟರ್ ಮಾತ್ರ ಕೆಳಗೆ ಇಡಲೇಬೇಡಿ, ಆ ಹೊಗೆ ಜೀವ ತೆಗೆಯುತ್ತದೆ.

ಆ ಕಲೆ ಇರುವ ಮೂಲೆಯ ಹೊರಗಡೆ ಏನಿದೆ? ಅದರದ್ದೊಂದು ಫೋಟೊ ಹಾಕಿ.